ಮೊದಲು ಯಾವ ಬೀಗ?

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನಗುವುದಕ್ಕಾಗಿ ಆಡುವ ಮಾತು ಅದು. ಆದರೆ ಅದರ ಒಳಗೆ ಬಿಗಿಯಾದ ಒಂದು ತರ್ಕವಿದೆ. ಎರಡು ಕಾರ್ಯಗಳು ಒಂದನ್ನೊಂದು ಕಾಯುತ್ತಿವೆ. ಎರಡರಲ್ಲಿ ಯಾವುದೂ ತನ್ನಷ್ಟಕ್ಕೆ ತಪ್ಪಲ್ಲ. ಆದರೂ ಎರಡೂ ಎಂದೆಂದಿಗೂ ನೆರವೇರುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಇಂಥದೇ ಒಂದು ಕಗ್ಗಂಟಿನ ವಿಷಯ. ಅದು ಬೀಳುವ ಸ್ಥಳ ಮಾತ್ರ ಮದುವೆಯ ಚಪ್ಪರವಲ್ಲ, ಗಣಕಯಂತ್ರದ ಒಳಮನೆ.

ಕನ್ನಡ ಎಂ.ಎ. ಮಾಡಿ ೩೪ ವರ್ಷ ವ್ಯಾಕರಣ, ಛಂದಸ್ಸುಗಳ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಾರಣ ನನ್ನ ಮಗಳು. ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಕಡತಗಳನ್ನೂ ಚಿತ್ರಗಳನ್ನೂ ಕಾಪಿಟ್ಟು, ಕೇಳಿದವರಿಗೆ ಜಾಲದ ಮೂಲಕ ಒದಗಿಸುವ ಯಂತ್ರಗಳನ್ನು ಆ ಕಂಪನಿ ತಯಾರಿಸುತ್ತದೆ. ಅಂಥ ಒಂದು ಯಂತ್ರ ಒಂದು ಆಸ್ಪತ್ರೆಯಲ್ಲಿತ್ತು. ರೋಗಿಗಳ ಎಕ್ಸ್‌ರೇ ಚಿತ್ರಗಳೆಲ್ಲ ಅದರೊಳಗೆ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಆ ಯಂತ್ರ ಸುಮ್ಮನಾಗುತ್ತಿತ್ತು. ಒಮ್ಮೆ ನಡುರಾತ್ರಿ, ಅಪಘಾತದಲ್ಲಿ ಗಾಯಗೊಂಡು ಬಂದವನೊಬ್ಬನ ಹಳೆಯ ಚಿತ್ರ ಬೇಕೆಂದು ವೈದ್ಯರು ಕೇಳಿದಾಗ ಚಿತ್ರ ಬರಲಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ ಮೇಲೆ ಎಲ್ಲವೂ ಸರಿಹೋಯಿತು. ನಡುವೆ ಕಳೆದದ್ದು ೨೦ ನಿಮಿಷ. ರೋಗಿಗೆ ಕೇಡಾಗಲಿಲ್ಲ ಎಂಬುದು ಪುಣ್ಯ. ಆದರೆ ಅದನ್ನು ಕೇಳಿದ ದಿನದಿಂದ ನನ್ನ ಮಗಳ ಮುಖದಲ್ಲಿ ನಗುವಿರಲಿಲ್ಲ. ರಜೆ ಹಾಕಿ ಮೈಸೂರಿನ ನಮ್ಮ ಮನೆಗೆ ಬಂದವಳು, ಹಿಂದಿನ ಕೋಣೆಯಲ್ಲಿ ಕುಳಿತು ಮೂರು ವಾರ ಅದೊಂದನ್ನೇ ಕೆದಕಿದಳು.

“ಯಂತ್ರ ಕೆಟ್ಟಿದೆಯೇನಮ್ಮ?” ಎಂದು ನಾನು ಕೇಳಿದೆ. “ಕೆಟ್ಟಿಲ್ಲ ಅಪ್ಪ. ಕೂಗಿದರೆ ಓ ಅನ್ನುತ್ತೆ. ಕೆಲಸ ಹೇಳಿದರೆ ಮಾತ್ರ ಮಾಡೋದಿಲ್ಲ. ಒಳಗೆ ಯಾರೋ ಯಾರನ್ನೋ ಕಾಯ್ತಾ ಇದ್ದಾರೆ” ಎಂದಳು. ಆ ಉತ್ತರದ ಬೆನ್ನು ಹತ್ತಿ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಗಣಕಯಂತ್ರದಲ್ಲಿ ನಾವು ಕಾಣುವ ಕ್ರಮವಿಧಿಗಳೆಲ್ಲ ಹೊರಮನೆಯವು. ಅವುಗಳ ಅಡಿಯಲ್ಲಿ, ಯಂತ್ರದ ಸ್ಮೃತಿಯನ್ನೂ ಜಾಲದ ತಂತಿಯನ್ನೂ ತಟ್ಟೆಗಳನ್ನೂ ಎಲ್ಲರಿಗೂ ಹಂಚಿಕೊಡುವ ಮೂಲ ಕ್ರಮವಿಧಿಯೊಂದಿದೆ. ಅದಕ್ಕೆ ಕರ್ನಲ್ ಎಂದು ಹೆಸರು, ತಿರುಳು ಎನ್ನಬಹುದು. ಹೊರಗಿನ ಕ್ರಮವಿಧಿಗೆ ಇನ್ನೊಂದು ಊರಿನ ಯಂತ್ರದೊಡನೆ ಮಾತನಾಡಬೇಕಾದರೆ ಅದು ಕರ್ನಲನ್ನು ಕೇಳಿ ಒಂದು ಸಾಕೆಟ್ ಪಡೆಯಬೇಕು. ನಮ್ಮ ಮನೆಗಳಲ್ಲಿ ಸಾಕೆಟ್ ಎಂದರೆ ಗೋಡೆಯಲ್ಲಿ ಪ್ಲಗ್ ಚುಚ್ಚುವ ತೂತು; ಇದೂ ಅದೇ ಹೋಲಿಕೆಯಿಂದ ಬಂದ ಹೆಸರು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದವರು ೧೯೮೩ರಲ್ಲಿ ಹೊರತಂದ ಯೂನಿಕ್ಸ್ ಆವೃತ್ತಿಯಿಂದ ಈ ಏರ್ಪಾಡು ಹರಡಿತು. ಪ್ರತಿಯೊಂದು ಸಾಕೆಟ್ಟಿಗೂ ಕರ್ನಲಿನ ಒಳಗೆ ಒಂದು ದಾಖಲೆ ಇರುತ್ತದೆ: ಆ ಕಡೆ ಯಾರಿದ್ದಾರೆ, ಎಷ್ಟು ಬಂದಿದೆ, ಎಷ್ಟು ಕಳಿಸಿದೆ, ಸಂಪರ್ಕ ತೆರೆದಿದೆಯೋ ಮುಚ್ಚಿದೆಯೋ ಎಂದು.

ಇಂದಿನ ಯಂತ್ರದಲ್ಲಿ ಕೆಲಸ ಮಾಡುವ ಸಂಸ್ಕಾರಕ ಒಂದಲ್ಲ, ಹಲವು. ಒಂದು ಸಂಸ್ಕಾರಕ ಈ ದಾಖಲೆಯನ್ನು ತಿದ್ದುತ್ತಿರುವಾಗ ಇನ್ನೊಂದು ಅದನ್ನೇ ಹರಿದುಹಾಕಲು ಬಂದರೆ ಗತಿಯೇನು? ಅದಕ್ಕೆ ಬೀಗ. ದಾಖಲೆಯನ್ನು ಮುಟ್ಟುವವನು ಮೊದಲು ಅದರ ಬೀಗವನ್ನು ತನ್ನ ವಶ ಮಾಡಿಕೊಳ್ಳಬೇಕು. ಬೇರೆಯವನು ಬಂದರೆ ಅದು ಬಿಡುವವರೆಗೆ ಕಾಯಬೇಕು. ಮೀಟರ್ ಗೇಜ್ ಕಾಲದಲ್ಲಿ ಒಂಟಿ ಹಳಿಯ ಮೇಲೆ ರೈಲು ಹೊರಡಬೇಕಾದರೆ ಚಾಲಕನ ಕೈಗೆ ಟೋಕನ್ ಕೊಡುತ್ತಿದ್ದುದನ್ನು ಕಂಡವರು ನಿಮ್ಮಲ್ಲಿ ಇದ್ದಾರು. ಟೋಕನ್ ಒಂದೇ; ಆದ್ದರಿಂದ ಹಳಿಯ ಮೇಲೆ ರೈಲೂ ಒಂದೇ. ಇದೂ ಹಾಗೆಯೇ. ಬೀಗ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಗಂಡುಹೆಣ್ಣಿನ ತಂದೆಯರ ಸಂಬಂಧವೆಂಬ ಅರ್ಥವೂ ಉಂಟಷ್ಟೆ. ಇಬ್ಬರು ಬೀಗರಲ್ಲಿ ಯಾರು ಮೊದಲು ಏಳಬೇಕು, ಯಾರು ಮೊದಲು ಕೈ ತೊಳೆಯಬೇಕು ಎಂಬಲ್ಲಿ ಹುಟ್ಟುವ ತೊಡಕನ್ನು ನೆನೆದರೆ, ಈ ಶ್ಲೇಷೆ ಇಲ್ಲಿ ತೀರ ಅಸಂಗತವೇನಲ್ಲ.

ಒಂದೇ ಬೀಗವಿದ್ದರೆ ಕಷ್ಟವಿಲ್ಲ. ಕಷ್ಟ ಹುಟ್ಟುವುದು ಒಂದು ಕೆಲಸಕ್ಕೆ ಎರಡು ಬೀಗ ಬೇಕಾದಾಗ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಹೀಗಾಯಿತು. ಅಂಕಪಟ್ಟಿಗೆ ಮುದ್ರೆ ಒತ್ತಲು ಲೆಡ್ಜರೂ ಬೇಕು, ಮೊಹರೂ ಬೇಕು. ಒಬ್ಬ ಗುಮಾಸ್ತರು ಲೆಡ್ಜರನ್ನು ತಮ್ಮ ಮೇಜಿಗೆ ಒಯ್ದು, ಮೊಹರಿಗಾಗಿ ಕಾದು ಕುಳಿತರು. ಇನ್ನೊಬ್ಬರು ಮೊಹರನ್ನು ಡ್ರಾಯರಿನಲ್ಲಿಟ್ಟುಕೊಂಡು, ಲೆಡ್ಜರಿಗಾಗಿ ಕಾದು ಕುಳಿತರು. ತಮ್ಮ ಕೆಲಸ ಮುಗಿಯದೆ ಕೈಯಲ್ಲಿದ್ದುದನ್ನು ಬಿಡಬಾರದೆಂಬ ನಿಷ್ಠೆ ಇಬ್ಬರಿಗೂ ಇತ್ತು. ಊಟಕ್ಕೆ ಹೋಗಿದ್ದ ಸೂಪರಿಂಟೆಂಡೆಂಟರು ಬಂದು ಗದರಿಸಿದ ಮೇಲೆ ಗಂಟು ಬಿಚ್ಚಿತು. ಕರ್ನಲಿನಲ್ಲಿ ಸೂಪರಿಂಟೆಂಡೆಂಟರಿಲ್ಲ. ಅಲ್ಲಿ ಎಲ್ಲರಿಗಿಂತ ಮೇಲಿನವನು ತಾನೇ. ತಾನೇ ಸಿಕ್ಕಿಬಿದ್ದರೆ ಬಿಡಿಸುವವರು ಯಾರು?

ನೆದರ್ಲೆಂಡಿನ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ೧೯೬೫ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಈ ಸ್ಥಿತಿಯನ್ನು ಮಾರಕವಾದ ಆಲಿಂಗನವೆಂದು ಕರೆದರು. ಓದಿದೊಡನೆ ನನಗೆ ನೆನಪಾದದ್ದು ಧೃತರಾಷ್ಟ್ರಾಲಿಂಗನ. ಆದರೆ ಆ ಮುದುಕನ ಅಪ್ಪುಗೆಯಲ್ಲಿ ದ್ವೇಷವಿತ್ತು. ಇಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಇಬ್ಬರೂ ನಿಯಮ ಪಾಲಿಸುವವರೇ. ಅದೇ ಇದರ ವಿಚಿತ್ರ. ಮುಂದೆ ರೂಢಿಗೆ ಬಂದ ಹೆಸರು ಡೆಡ್‌ಲಾಕ್. ೧೯೭೧ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಶಾನಿ ಎಂಬ ಮೂವರು ಇದರ ನಾಲ್ಕು ಲಕ್ಷಣಗಳನ್ನು ವಿಂಗಡಿಸಿ ಹೇಳಿದರು. ವಸ್ತು ಒಮ್ಮೆಗೆ ಒಬ್ಬನದು ಮಾತ್ರ, ಒಂದನ್ನು ಹಿಡಿದುಕೊಂಡೇ ಇನ್ನೊಂದನ್ನು ಕಾಯಬಹುದು, ಹಿಡಿದವನಿಂದ ಕಿತ್ತುಕೊಳ್ಳುವಂತಿಲ್ಲ, ಕಾಯುವವರ ಸಾಲು ಸುತ್ತಿಕೊಂಡು ಬಳೆಯಂತಾಗಿದೆ. ನಾಲ್ಕೂ ಕೂಡಿದರೇ ಕಗ್ಗಂಟು. ಒಂದನ್ನು ಮುರಿದರೂ ಸಾಕು, ಬಿಡುಗಡೆ.

ಕರ್ನಲ್ ಬರೆಯುವವರು ಮೊದಲ ಮೂರನ್ನು ಮುರಿಯಲು ಸಾಮಾನ್ಯವಾಗಿ ಹೋಗುವುದಿಲ್ಲ. ಅರ್ಧ ತಿದ್ದಿದ ದಾಖಲೆಯನ್ನು ಕಿತ್ತುಕೊಂಡರೆ ದಾಖಲೆಯೇ ಹಾಳು. ಅವರು ಮುರಿಯುವುದು ನಾಲ್ಕನೆಯದನ್ನು. ಅದರ ಉಪಾಯ ಕೇಳಿದರೆ ಇಷ್ಟೇನೇ ಎನಿಸುತ್ತದೆ: ಎಲ್ಲ ಬೀಗಗಳಿಗೂ ಒಂದು ಸರದಿ ಗೊತ್ತುಮಾಡಿ, ಎಲ್ಲರೂ ಆ ಸರದಿಯಲ್ಲೇ ಹಿಡಿಯತಕ್ಕದ್ದು. ಐಬಿಎಂ ಸಂಸ್ಥೆಯ ಹ್ಯಾವೆಂಡರ್ ಎಂಬವರು ೧೯೬೮ರಲ್ಲೇ ಇದನ್ನು ಪ್ರಕಟಿಸಿದ್ದರು. ಇದು ಹೇಗೆ ಸಾಕಾಗುತ್ತದೆಂಬುದನ್ನು ತುಸು ಯೋಚಿಸಿ ನೋಡಿ. ಎಲ್ಲ ಬೀಗಗಳಿಗೂ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿದೆ ಎನ್ನೋಣ. ಹಲವರು ಹಲವು ಬೀಗಗಳನ್ನು ಹಿಡಿದು ಕಾಯುತ್ತಿದ್ದಾರೆ. ಅವರಲ್ಲಿ ಅತಿ ದೊಡ್ಡ ಸಂಖ್ಯೆಯ ಬೀಗವನ್ನು ಹಿಡಿದವನೊಬ್ಬ ಇರಲೇಬೇಕು. ನಿಯಮದಂತೆ ಅವನು ಕೇಳಬಹುದಾದದ್ದು ಅದಕ್ಕೂ ದೊಡ್ಡ ಸಂಖ್ಯೆಯದನ್ನೇ. ಅಂಥದನ್ನು ಯಾರೂ ಹಿಡಿದಿಲ್ಲ. ಆದ್ದರಿಂದ ಅವನಿಗೆ ಅದು ಸಿಕ್ಕೇ ಸಿಗುತ್ತದೆ. ಅವನು ಕೆಲಸ ಮುಗಿಸಿ ಎಲ್ಲವನ್ನೂ ಬಿಡುತ್ತಾನೆ. ಅವನ ಹಿಂದೆ ಮತ್ತೊಬ್ಬ. ಬಳೆ ಕಟ್ಟಿಕೊಳ್ಳಲು ಅವಕಾಶವೇ ಇಲ್ಲ.

ಹಾಗಾದರೆ ಮತ್ತೆ ಮತ್ತೆ ಈ ತಪ್ಪು ಏಕಾಗುತ್ತದೆ? ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲನ್ನೇ ನೋಡಿ. ೧೯೯೬ರಲ್ಲಿ ಅದು ಹಲವು ಸಂಸ್ಕಾರಕಗಳ ಯಂತ್ರಕ್ಕೆ ಕಾಲಿಟ್ಟಾಗ ಇಡೀ ಕರ್ನಲಿಗೆ ಇದ್ದದ್ದು ಒಂದೇ ದೊಡ್ಡ ಬೀಗ. ಅವಿಭಕ್ತ ಕುಟುಂಬದ ಉಗ್ರಾಣದಂತೆ, ಕೀಲಿ ಅಜ್ಜಿಯ ಸೊಂಟದಲ್ಲಿ. ಸುರಕ್ಷಿತವೇ, ಆದರೆ ಒಬ್ಬರು ಒಳಗಿದ್ದರೆ ಉಳಿದವರೆಲ್ಲ ಹೊಸ್ತಿಲಲ್ಲಿ. ಆದ್ದರಿಂದ ವರ್ಷವರ್ಷವೂ ಅದನ್ನು ಒಡೆದು ಸಣ್ಣ ಸಣ್ಣ ಬೀಗಗಳನ್ನು ಮಾಡುತ್ತ ಹೋದರು. ಆ ದೊಡ್ಡ ಬೀಗ ಪೂರ್ತಿಯಾಗಿ ಮರೆಯಾದದ್ದು ೨೦೧೧ರಲ್ಲಿ. ಆ ಹೊತ್ತಿಗೆ ಸಣ್ಣ ಬೀಗಗಳು ಸಾವಿರಗಟ್ಟಲೆ. ಯಾವುದರ ನಂತರ ಯಾವುದು ಎಂಬ ಸರದಿ ಕೆಲವೆಡೆ ಟಿಪ್ಪಣಿಯಲ್ಲಿದೆ. ಹಲವೆಡೆ ಬರೆದವರ ತಲೆಯಲ್ಲಿದೆ.

ಸಾಕೆಟ್ಟುಗಳ ಭಾಗ ಇದರಲ್ಲಿ ವಿಶೇಷ ತೊಡಕಿನದು. ಏಕೆಂದರೆ ಅಲ್ಲಿಗೆ ಎರಡು ದಿಕ್ಕಿನಿಂದ ಜನ ಬರುತ್ತಾರೆ: ಮೇಲಿನಿಂದ ಕ್ರಮವಿಧಿಗಳು, ಕೆಳಗಿನಿಂದ ತಂತಿಯಲ್ಲಿ ಬರುವ ಪೊಟ್ಟಣಗಳು. ಕ್ರಮವಿಧಿ ಕಾಯಬಲ್ಲದು, ನಿದ್ದೆಯನ್ನೂ ಮಾಡಬಲ್ಲದು. ಆಗತಾನೆ ತಂತಿಯಿಂದಿಳಿದ ಪೊಟ್ಟಣವನ್ನು ಹಿಡಿದು ಬಂದವನು ನಿಲ್ಲುವಂತಿಲ್ಲ. ಇದಕ್ಕೆ ಲಿನಕ್ಸಿನಲ್ಲಿ ಮಾಡಿರುವ ಏರ್ಪಾಡು ನನಗೆ ಬಹಳ ಹಿಡಿಸಿತು. ಸಾಕೆಟ್ಟು ಯಾರದೋ ವಶದಲ್ಲಿದ್ದರೆ, ಬಂದವನು ಪೊಟ್ಟಣವನ್ನು ಬಾಗಿಲ ಪಕ್ಕದ ಒಂದು ಸಾಲಿನಲ್ಲಿಟ್ಟು ಹೊರಟುಹೋಗುತ್ತಾನೆ. ಒಳಗಿರುವವನು ಬೀಗ ಬಿಡುವ ಮುನ್ನ ಆ ಸಾಲಿನಲ್ಲಿರುವುದನ್ನೆಲ್ಲ ತಾನೇ ವಿಲೇವಾರಿ ಮಾಡಿ ಹೊರಡಬೇಕು. ಸಜ್ಜನರ ಮನೆಯ ಪದ್ಧತಿ.

ಇನ್ನೊಂದು ಬಗೆಯ ತೊಡಕೆಂದರೆ ಎರಡು ಬೀಗಗಳೂ ಒಂದೇ ಜಾತಿಯವಾಗಿರುವುದು. ಒಂದೇ ಯಂತ್ರದೊಳಗಿನ ಎರಡು ಕ್ರಮವಿಧಿಗಳು ಮಾತನಾಡಿಕೊಳ್ಳುವ ಯೂನಿಕ್ಸ್ ಸಾಕೆಟ್ಟುಗಳಲ್ಲಿ ಕೆಲವೊಮ್ಮೆ ಎರಡೂ ತುದಿಗಳ ಬೀಗ ಒಟ್ಟಿಗೆ ಬೇಕಾಗುತ್ತದೆ. ತನ್ನದು ಮೊದಲು, ಎದುರಿನದು ಆಮೇಲೆ ಎಂದು ನಿಯಮ ಮಾಡಿದರೆ ಕೆಟ್ಟಿತು. ಎದುರಿನವನೂ ಅದೇ ನಿಯಮ ಪಾಲಿಸಿದರೆ ಇಬ್ಬರೂ ತಮ್ಮ ತಮ್ಮದನ್ನು ಹಿಡಿದು ನಿಂತುಬಿಡುತ್ತಾರೆ. ಲಿನಕ್ಸಿನವರು ಇದಕ್ಕೆ ಕಂಡುಕೊಂಡ ದಾರಿ ಸರಳ. ಪ್ರತಿಯೊಂದು ದಾಖಲೆಯೂ ಯಂತ್ರದ ಸ್ಮೃತಿಯಲ್ಲಿ ಯಾವುದೋ ಒಂದು ವಿಳಾಸದಲ್ಲಿರುತ್ತದೆ, ಆ ವಿಳಾಸ ಒಂದು ಸಂಖ್ಯೆ. ಯಾವ ಸಂಖ್ಯೆ ಚಿಕ್ಕದೋ ಅದರ ಬೀಗ ಮೊದಲು. ಚಿಕ್ಕ ವಿಳಾಸಕ್ಕೆ ಯಾವ ಹಿರಿಮೆಯೂ ಇಲ್ಲ. ನಿಘಂಟಿನಲ್ಲಿ ಅನ್ನ ಮೊದಲು, ಹಸಿವು ಕೊನೆಗೆ. ಲೋಕದಲ್ಲಿ ಹಾಗೇನೂ ಅಲ್ಲ. ಆದರೆ ಎಲ್ಲರೂ ಅಕಾರಾದಿಯನ್ನು ಒಪ್ಪಿಕೊಂಡಿರುವುದರಿಂದ ಪದ ಸಿಗುತ್ತದೆ. ಸರದಿಗೆ ಬೇಕಾದದ್ದು ನ್ಯಾಯವಲ್ಲ, ಒಪ್ಪಿಗೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ ಪ್ರಸಂಗಕ್ಕೆ ಬರುತ್ತೇನೆ. ಅದು ೨೦೧೮ರದು. ಎರಿಕ್ ಡ್ಯೂಮಾಜೆ ಎಂಬವರು ಲಿನಕ್ಸಿನ ಜಾಲಭಾಗದಲ್ಲಿ ಪಳಗಿದ ಕೈ. ದೂರದಿಂದ ಬಂದ ಮಾಹಿತಿಯನ್ನು ಕರ್ನಲ್ ಸಾಮಾನ್ಯವಾಗಿ ಒಂದೊಂದು ಅಕ್ಷರವಾಗಿ ಕ್ರಮವಿಧಿಯ ಸ್ಮೃತಿಗೆ ನಕಲು ಮಾಡಿಕೊಡುತ್ತದೆ. ನಕಲಿನ ಶ್ರಮವೇಕೆ, ಬಂದ ಹಾಳೆಯನ್ನೇ ಎತ್ತಿ ಕೊಟ್ಟುಬಿಡೋಣ ಎಂಬುದು ಅವರ ಯೋಚನೆ. ಕ್ರಮವಿಧಿಗೆ ಯಾವ ಹಾಳೆ ಎಲ್ಲಿದೆ ಎಂಬುದರ ನಕ್ಷೆಯೊಂದಿರುತ್ತದೆ. ಹಾಳೆಯನ್ನು ಕೊಡುವುದೆಂದರೆ ಆ ನಕ್ಷೆಯನ್ನು ತಿದ್ದುವುದು. ನಕ್ಷೆಗೂ ಒಂದು ಬೀಗವಿದೆ. ಅಲ್ಲಿಗೆ ಎರಡು ಬೀಗಗಳಾದುವು: ಸಾಕೆಟ್ಟಿನದು, ನಕ್ಷೆಯದು.

ಹಳೆಯ ಹಾದಿಯಲ್ಲಿ, ಎಂದರೆ ನಕಲು ಮಾಡುವಾಗ, ಕರ್ನಲ್ ಮೊದಲು ಸಾಕೆಟ್ಟಿನ ಬೀಗವನ್ನು ಹಿಡಿಯುತ್ತದೆ. ನಕಲು ಇಳಿಸುತ್ತಿರುವಾಗ ಕ್ರಮವಿಧಿಯ ಆ ಹಾಳೆ ಸ್ಥಳದಲ್ಲಿಲ್ಲವೆಂದು ಗೊತ್ತಾದರೆ, ಅದನ್ನು ತರಿಸಿಕೊಳ್ಳಲು ನಕ್ಷೆಯನ್ನು ನೋಡಬೇಕು, ಅದರ ಬೀಗ ಹಿಡಿಯಬೇಕು. ಸಾಕೆಟ್ ಮೊದಲು, ನಕ್ಷೆ ಆಮೇಲೆ. ಇದು ಎಲ್ಲಿಯೂ ದೊಡ್ಡ ಅಕ್ಷರದಲ್ಲಿ ಸಾರಿದ ನಿಯಮವಲ್ಲ. ಹಾದಿಯ ಸ್ವಭಾವದಿಂದಲೇ ಬಂದ ಸರದಿ. ಹೊಸ ಹಾದಿಯಲ್ಲಾದರೋ, ನಕ್ಷೆ ತಿದ್ದುವ ಕೋರಿಕೆ ಬಂದೊಡನೆ ಕರ್ನಲ್ ನಕ್ಷೆಯ ಬೀಗವನ್ನು ಹಿಡಿದುಕೊಂಡೇ ಸಾಕೆಟ್ಟಿನ ಭಾಗವನ್ನು ಕರೆಯುತ್ತದೆ. ಅಲ್ಲಿ ಡ್ಯೂಮಾಜೆಯವರ ಸಾಲುಗಳು ಸಾಕೆಟ್ಟಿನ ಬೀಗವನ್ನು ಹಿಡಿದವು. ನಕ್ಷೆ ಮೊದಲು, ಸಾಕೆಟ್ ಆಮೇಲೆ. ಒಂದೇ ಕ್ರಮವಿಧಿಯ ಎರಡು ಎಳೆಗಳು ಒಂದೇ ಸಾಕೆಟ್ಟಿನಲ್ಲಿ, ಒಂದು ಹಳೆಯ ಹಾದಿಯಿಂದ, ಇನ್ನೊಂದು ಹೊಸ ಹಾದಿಯಿಂದ, ಒಂದೇ ಗಳಿಗೆಯಲ್ಲಿ ಬಂದರೆ ಮದುವೆಯೂ ಇಲ್ಲ, ಹುಚ್ಚು ಬಿಡುವುದೂ ಇಲ್ಲ.

ಇದನ್ನು ಪತ್ತೆ ಹಚ್ಚಿದ್ದು ಮನುಷ್ಯರಲ್ಲ. ಕರ್ನಲಿಗೆ ಹಗಲಿರುಳೂ ಚಿತ್ರವಿಚಿತ್ರವಾದ ಕೋರಿಕೆಗಳನ್ನು ಒಡ್ಡಿ ಪರೀಕ್ಷಿಸುವ, ಗೂಗಲ್ ಸಂಸ್ಥೆಯವರು ನಡೆಸುವ ಸಿಜ್‌ಬಾಟ್ ಎಂಬ ಸ್ವಯಂಚಾಲಿತ ಪರೀಕ್ಷಕ. ಪರಿಹಾರವನ್ನು ವಿವರವಾಗಿ ಸೂಚಿಸಿದವರು ಆಂಡಿ ಲುಟೊಮಿರ್ಸ್ಕಿ ಎಂಬ ಇನ್ನೊಬ್ಬರು. ಅವರ ಸಲಹೆಯಂತೆ ಡ್ಯೂಮಾಜೆ ಒಂದು ಕೆಲಸವನ್ನು ಎರಡಾಗಿ ಸೀಳಿದರು. ನಕ್ಷೆಯ ಕೋರಿಕೆ ಬಂದಾಗ ಬರಿಯ ಜಾಗವನ್ನು ಕಾದಿರಿಸುವುದಷ್ಟೆ, ಸಾಕೆಟ್ಟಿನ ಬೀಗವನ್ನು ಮುಟ್ಟುವುದೇ ಇಲ್ಲ. ಹಾಳೆಗಳನ್ನು ನಿಜವಾಗಿ ಕೊಡುವುದು ಬೇರೊಂದು ಕೋರಿಕೆಯಲ್ಲಿ. ಅದು ಮೊದಲು ಸಾಕೆಟ್ಟನ್ನು ಹಿಡಿದು ಆಮೇಲೆ ನಕ್ಷೆಯನ್ನು ಹಿಡಿಯುತ್ತದೆ, ಹಳೆಯ ಸರದಿಯಲ್ಲೇ. ಬೇರೊಂದು ಲಾಭವೂ ಆಯಿತು: ಈ ಎರಡನೆಯ ಹಂತಕ್ಕೆ ನಕ್ಷೆಯನ್ನು ಓದುವವರ ಬೀಗವೇ ಸಾಕು, ಹಲವರು ಕೂಡಿ ಹಿಡಿಯಬಹುದಾದದ್ದು. ಅದೇ ವರ್ಷ ಆಗಸ್ಟಿನಲ್ಲಿ ಹೊರಬಂದ ೪.೧೮ನೆಯ ಆವೃತ್ತಿಯಲ್ಲಿ ಈ ತಿದ್ದಿದ ರೂಪವಿದೆ.

ತಟ್ಟಿದ್ದು ಇದಲ್ಲ. ಲಿನಕ್ಸಿನಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯ ಜೊತೆಗೂ ಒಂದು ಟಿಪ್ಪಣಿ ಇರಬೇಕು. ಅದು ಅಳಿಸದೆ ಉಳಿಯುತ್ತದೆ, ಯಾರು ಬೇಕಾದರೂ ಓದಬಹುದು. ಆ ಟಿಪ್ಪಣಿಯ ಆರಂಭದಲ್ಲೇ ಡ್ಯೂಮಾಜೆ, ಸಾಕೆಟ್ಟಿನ ಬೀಗವನ್ನು ಮೊದಲು ಹಿಡಿಯಬೇಕೆಂಬುದನ್ನು ತಾನು ಮರೆತಿದ್ದೆನೆಂದು ನೇರವಾಗಿ ಬರೆದಿದ್ದಾರೆ. ಸಮರ್ಥನೆಯಿಲ್ಲ, ಪಶ್ಚಾತ್ತಾಪದ ಆಡಂಬರವೂ ಇಲ್ಲ. ನಮ್ಮ ಗ್ರಂಥಸಂಪಾದಕರಲ್ಲಿ ಎಷ್ಟು ಮಂದಿ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಇಂಥ ಒಂದು ವಾಕ್ಯ ಬರೆದಿದ್ದಾರೆ ಎಂದು ಲೆಕ್ಕ ಹಾಕಲು ಹೋಗಿ, ನನ್ನ ಹೆಸರನ್ನೂ ನೆನೆದು, ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಈ ಪುಟವನ್ನು ನನಗೆ ತೋರಿಸಿದವಳು ನನ್ನ ಮಗಳು. ತೋರಿಸಿದ ಕಾರಣ ನನಗೆ ಗೊತ್ತಾದದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಅವಳು ಆಸ್ಪತ್ರೆಯ ಯಂತ್ರದ ಗಂಟನ್ನು ಕಂಡುಹಿಡಿದಿದ್ದಳು. ಆ ಯಂತ್ರದಲ್ಲಿ ಎಲ್ಲ ಸಂಪರ್ಕಗಳ ಹೆಸರುಗಳೂ ಇರುವ ಒಂದು ಪಟ್ಟಿಯಿದೆ, ಪಟ್ಟಿಗೊಂದು ಬೀಗ. ಸಂಪರ್ಕವೊಂದು ಮುಗಿದಾಗ ಅದು ತನ್ನ ಸಾಕೆಟ್ಟಿನ ಬೀಗ ಹಿಡಿದು, ಆಮೇಲೆ ಪಟ್ಟಿಯ ಬೀಗ ಹಿಡಿದು, ತನ್ನ ಹೆಸರನ್ನು ತೆಗೆಸುತ್ತದೆ. ಜಾಲದ ತಂತಿಯೊಂದು ಕಡಿದುಹೋದರೆ ಮಾತ್ರ ಬೇರೆ ಹಾದಿ: ಪಟ್ಟಿಯ ಬೀಗ ಹಿಡಿದು, ಸಾಲಾಗಿ ಒಂದೊಂದೇ ಸಾಕೆಟ್ಟಿನ ಬೀಗ ಹಿಡಿಯುತ್ತ, ಆ ತಂತಿಯ ಮೇಲಿದ್ದ ಸಂಪರ್ಕಗಳನ್ನೆಲ್ಲ ಮುಚ್ಚುವುದು. ಆಸ್ಪತ್ರೆಯಲ್ಲಿ ವಿದ್ಯುತ್ತು ಹೋಗಿ ಬಂದಾಗ ತಂತಿ ಒಂದು ಕ್ಷಣ ಸತ್ತು ಹುಟ್ಟುತ್ತಿತ್ತು. ಅದೇ ಕ್ಷಣದಲ್ಲಿ ಯಾವುದಾದರೂ ಸಂಪರ್ಕ ತಾನಾಗಿ ಮುಗಿಯುತ್ತಿದ್ದರೆ ಆಲಿಂಗನ. ಹೊಸದಾಗಿ ಬರುವ ಪ್ರತಿಯೊಬ್ಬನೂ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಪಟ್ಟಿಯ ಬೀಗ ಸಿಗದು. ಹೀಗೆ ಇಬ್ಬರ ಗಂಟಿಗೆ ಊರೆಲ್ಲ ಕಟ್ಟಿಬೀಳುತ್ತಿತ್ತು.

ಇಂಥದನ್ನು ಮೊದಲೇ ಹೇಳುವ ಉಪಕರಣವೊಂದು ಲಿನಕ್ಸಿನಲ್ಲಿ ೨೦೦೬ರಿಂದ ಇದೆ. ಇಂಗೋ ಮೋಲ್ನಾರ್ ಎಂಬವರು ರಚಿಸಿದ ಲಾಕ್‌ಡೆಪ್. ಯಾವ ಜಾತಿಯ ಬೀಗದ ನಂತರ ಯಾವ ಜಾತಿಯದನ್ನು ಹಿಡಿದರೆಂದು ಅದು ಬರೆದಿಟ್ಟುಕೊಳ್ಳುತ್ತದೆ. ಎಂದಾದರೊಮ್ಮೆ ಸರದಿ ತಿರುವುಮುರುವಾದರೆ, ಆ ಹೊತ್ತಿಗೆ ಯಾರೂ ಸಿಕ್ಕಿಬೀಳದಿದ್ದರೂ, ಎಚ್ಚರಿಕೆ ಕೂಗುತ್ತದೆ. ಆದರೆ ಎರಡು ಹಾದಿಗಳನ್ನೂ ಒಮ್ಮೊಮ್ಮೆಯಾದರೂ ನಡೆದು ತೋರಿಸದೆ ಅದಕ್ಕೆ ತಿಳಿಯದು. ಅದರ ಭಾರದಿಂದ ಯಂತ್ರ ನಿಧಾನವಾಗುವುದರಿಂದ ಗಿರಾಕಿಗಳ ಯಂತ್ರದಲ್ಲಿ ಅದನ್ನು ಇಟ್ಟಿರುವುದಿಲ್ಲ; ಪ್ರಯೋಗಶಾಲೆಯಲ್ಲಿ ಇಟ್ಟಿದ್ದರು, ಆದರೆ ಅಲ್ಲಿ ಯಾರೂ ತಂತಿ ಕಿತ್ತು ನೋಡಿರಲಿಲ್ಲ. ಮಗಳು ತಂತಿ ಕಿತ್ತಳು, ಅದು ಕೂಗಿತು.

ಯಂತ್ರ ಸುಮ್ಮನಾದರೆ ತಾನಾಗಿ ಮತ್ತೆ ಹೊತ್ತಿಕೊಳ್ಳುವಂತೆ ಗಡಿಯಾರವೊಂದನ್ನು ಕಟ್ಟಿಬಿಡಿ, ಸಾಕು ಎಂದು ಕಚೇರಿಯ ಹಿರಿಯರೊಬ್ಬರು ಸಲಹೆ ಕೊಟ್ಟಿದ್ದರಂತೆ. ಇನ್ನೊಂದು ಉಪಾಯ, ಸಾಕೆಟ್ಟಿನ ಬೀಗವನ್ನು ಕಾಯದೆ ಕೇಳಿ ನೋಡಿ, ಸಿಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು. ಕೆಲವು ಕಡೆ ಅದು ಒಳ್ಳೆಯದೇ. ಇಲ್ಲಿ ಬಿಟ್ಟು ಹೋದ ಸಂಪರ್ಕ ಸತ್ತ ತಂತಿಗೆ ನೇತಾಡಿಕೊಂಡೇ ಇರುತ್ತದೆ. ಅವಳು ಮಾಡಿದ್ದು ಬೇರೆ. ಪಟ್ಟಿಯ ಬೀಗ ಹಿಡಿದಿರುವಾಗ ಯಾವ ಸಾಕೆಟ್ಟಿನ ಬೀಗವನ್ನೂ ಮುಟ್ಟುವುದಿಲ್ಲ. ಮುಚ್ಚಬೇಕಾದವನ್ನು ಒಂದು ಖಾಸಗಿ ಚೀಟಿಗೆ ಇಳಿಸಿಕೊಂಡು, ಪ್ರತಿಯೊಂದರ ಮೇಲೂ ‘ನಾನಿನ್ನೂ ಹಿಡಿದಿದ್ದೇನೆ, ದಾಖಲೆ ಹರಿಯಬೇಡಿ’ ಎಂಬ ಗುರುತು ಹಾಕಿ, ಪಟ್ಟಿಯ ಬೀಗವನ್ನು ಬಿಟ್ಟುಬಿಡುವುದು. ಆಮೇಲೆ ಚೀಟಿ ನೋಡಿಕೊಂಡು ಒಂದೊಂದೇ ಸಾಕೆಟ್ಟಿನ ಬೀಗ ಹಿಡಿದು, ನಡುವೆ ಅದು ತಾನಾಗಿಯೇ ಮುಚ್ಚಿಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ, ಇಲ್ಲದಿದ್ದರೆ ಮುಚ್ಚಿ, ಗುರುತನ್ನು ಅಳಿಸುವುದು. ಮೊದಲ ಕರಡಿನಲ್ಲಿ ಒಂದು ಮರೆವು ಉಳಿದಿತ್ತು: ಪಟ್ಟಿಯ ಬೀಗ ಬಿಟ್ಟ ಮೇಲೆ ಅದೇ ಸತ್ತ ತಂತಿಯ ಹೆಸರಿನಲ್ಲಿ ಹೊಸಬನೊಬ್ಬ ಪಟ್ಟಿಗೆ ನುಸುಳಬಹುದು. ಆದ್ದರಿಂದ ಬೀಗ ಬಿಡುವ ಮೊದಲೇ ‘ಈ ದಾರಿ ಮುಚ್ಚಿದೆ’ ಎಂಬ ಫಲಕವನ್ನೂ ತೂಗುಹಾಕಿದಳು.

ಆ ರಾತ್ರಿ ಊಟವಾದ ಮೇಲೆ ಅವಳು ಮೆಲ್ಲನೆ ಹೇಳಿದಳು, “ಅಪ್ಪ, ತಂತಿ ಕಡಿದಾಗ ಮುಚ್ಚೋ ಆ ಹಳೇ ಹಾದೀನ ಬರೆದೋಳು ನಾನೇ. ಎರಡು ವರ್ಷದ ಹಿಂದೆ.” ಕಚೇರಿಯಲ್ಲಿ ಇನ್ನೂ ಯಾರೂ ಅದನ್ನು ಗಮನಿಸಿರಲಿಲ್ಲ. ಬಡ್ತಿಯ ಪಟ್ಟಿ ಸಿದ್ಧವಾಗುತ್ತಿದ್ದ ತಿಂಗಳು ಅದು. ತಿದ್ದುಪಡಿಯ ಜೊತೆಗೆ ಹಾಕಬೇಕಾದ ಟಿಪ್ಪಣಿಯನ್ನು ನನ್ನ ಮುಂದಿಟ್ಟು, “ಭಾಷೆ ಸರಿಯಾಗಿದೆಯಾ ನೋಡಿ” ಎಂದಳು. ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕಿಳಿಸಿದರೆ, ಬೀಗಗಳ ಸರದಿಯು ಪಾಲಿಸಲ್ಪಟ್ಟಿರಲಿಲ್ಲ ಎಂದಾಗುತ್ತದೆ. ೩೪ ವರ್ಷ ಕರ್ಮಣಿ ಪ್ರಯೋಗದ ಪಾಠ ಮಾಡಿದವನ ಬಾಯಿಗೆ ಬಂದದ್ದು ತರಗತಿಯ ಪ್ರಶ್ನೆಯೇ: “ಯಾರಿಂದ? ಕರ್ತೃಪದ ಎಲ್ಲಿ ಹೋಯಿತಮ್ಮ?”

ಅವಳು ಉತ್ತರ ಕೊಡಲಿಲ್ಲ; ಕಾಗದ ಮಡಿಸಿಕೊಂಡು ಎದ್ದುಹೋದಳು. ಕೇಳಬಾರದಿತ್ತೇನೋ ಎಂದು ನನಗೆ ರಾತ್ರಿಯೆಲ್ಲ ಕಸಿವಿಸಿ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಟಿಪ್ಪಣಿ ಕಚೇರಿಗೆ ಹೋಗಿಯಾಗಿತ್ತು. ಪ್ರತಿಯೊಂದು ನನ್ನ ಕನ್ನಡಕದ ಕೆಳಗಿತ್ತು. ಮೊದಲ ವಾಕ್ಯದ ಮೊದಲ ಪದ ‘ನಾನು’ ಎಂದಿತ್ತು.